ಹನ್ನೆರಡು ಪುಟ್ಟಿಗಳೂ ಹಿತ್ತಿಲ ಗುಂಡಿಯೂ



ಈ ತಿಂಗಳ ಪಾಠಕ್ಕಾಗಿ ಯೋಹಾನನು ಬರೆದ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಮೊದಲಿನ 13 ವಚನಗಳನ್ನು ಮನೆಯವರೆಲ್ಲರೂ ಕೂಡಿ ಓದಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇವೆ. ಓದಲು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಲಿ. ಕಥೆಯು ನಮ್ಮ ಸಭೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಒಬ್ಬ ಹುಡುಗನ ಬುತ್ತಿಯಲ್ಲಿದ್ದ ಐದು ರೊಟ್ಟಿಗಳಿಂದಲೂ ಎರಡು ಮೀನುಗಳಿಂದಲೂ ನಮ್ಮ ಕರ್ತನು ದೊಡ್ಡ ಜನಸಮೂಹವನ್ನು ತೃಪ್ತಿಪಡಿಸಿದನು. ಆ ರೊಟ್ಟಿಗಳು ಜವೆಗೋದಿಯವು. ನಮ್ಮ ಸೀಮೆಯಲ್ಲಿ ರಾಗಿ ಹೇಗೋ ಹಾಗೆಯೇ ಆ ದೇಶದಲ್ಲಿ ಜವೆಗೋದಿಯು ಬಡವರ ಆಹಾರವಾಗಿತ್ತು. ಗಂಡಸರನ್ನೇ ಲೆಕ್ಕಿಸಿದರೆ ಸುಮಾರು 5000 ಮಂದಿ ಉಂಡರು.

ಸಾಮಾನ್ಯವಾಗಿ ಪ್ರಸಂಗಗಳು ಇಲ್ಲಿಗೇ ನಿಲ್ಲುತ್ತವೆ. ಅದ್ಭುತವು ನಡೆದಾಯಿತು, ಜನರು ತೃಪ್ತರಾದರು, ಇನ್ನು ಹೇಳತಕ್ಕದ್ದು ಏನೂ ಇಲ್ಲವೆಂದು ನಾವು ಪುಸ್ತಕವನ್ನು ಮುಚ್ಚುತ್ತೇವೆ. ಆದರೆ ಸುವಾರ್ತಿಕನು ಅಲ್ಲಿ ನಿಲ್ಲಲಿಲ್ಲ. ಎಲ್ಲರೂ ಉಂಡು ಮುಗಿಸಿದ ಮೇಲೆ, ಮಿಕ್ಕ ತುಂಡುಗಳಲ್ಲಿ ಒಂದೂ ಹಾಳಾಗದಂತೆ ಕೂಡಿಸಬೇಕೆಂದು ಕರ್ತನು ಶಿಷ್ಯರಿಗೆ ಅಪ್ಪಣೆಕೊಟ್ಟನು. ಹನ್ನೆರಡು ಪುಟ್ಟಿಗಳು ತುಂಬಿದವು. ಮತ್ತಾಯ, ಮಾರ್ಕ, ಲೂಕರೂ ಹನ್ನೆರಡು ಪುಟ್ಟಿಗಳ ಸಂಗತಿಯನ್ನು ಬರೆದಿದ್ದಾರೆ. ಆದರೆ ತುಂಡುಗಳನ್ನು ಕೂಡಿಸಲು ಹೇಳಿದವನು ಯೇಸುವೇ ಎಂಬದನ್ನೂ, ಯಾವ ಕಾರಣದಿಂದ ಹೇಳಿದನೆಂಬದನ್ನೂ ಯೋಹಾನನೊಬ್ಬನೇ ನಮಗೆ ತಿಳಿಸುತ್ತಾನೆ. ಸ್ವಲ್ಪ ಯೋಚಿಸಿರಿ. ಐದು ರೊಟ್ಟಿಗಳನ್ನು ಸಾವಿರಾರು ಮಂದಿಗೆ ಸಾಲುವಂತೆ ಮಾಡಬಲ್ಲವನಿಗೆ ಹುಲ್ಲಿನ ಮೇಲೆ ಬಿದ್ದ ಚೂರುಗಳ ಚಿಂತೆ ಯಾಕೆ? ಮರುದಿನ ಹಸಿವಾದರೆ ಪುನಃ ಸ್ತೋತ್ರಮಾಡಿ ಮುರಿಯಬಹುದಾಗಿತ್ತು. ಆದರೂ ಅವನು ಕೂಡಿಸಹೇಳಿದನು.

ಕೆಲವು ಕಾಲದ ಹಿಂದೆ ಮೈಸೂರು ಸೀಮೆಯ ಒಂದು ಚಿಕ್ಕ ಸಭೆಯಲ್ಲಿ ನಾವು ಈ ಭಾಗವನ್ನು ಬೋಧಿಸಿ, ಅಡಿಗೆಮನೆಯಲ್ಲಿ ಮಿಕ್ಕುವ ಸಿಪ್ಪೆ, ಗಂಜಿ, ಬೂದಿ ಮುಂತಾದವುಗಳನ್ನು ಕೆಡಿಸದೆ ಉಪಯೋಗಿಸಬೇಕೆಂದು ಹೇಳುತ್ತಿದ್ದೆವು. ಆಗ ಹಿಂದೆ ಚಾಪೆಯ ಮೇಲೆ ಕೂತಿದ್ದ ಒಬ್ಬ ಮುದಿ ತಾಯಿ ಎದ್ದು ನಿಂತಳು. “ಅಯ್ಯನವರೇ, ನಾನು ಹುಡುಗಿಯಾಗಿದ್ದಾಗ ನಮ್ಮವ್ವನ ಸಂಗಡ ದೊಡ್ಡ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತು ತಂಗಳು ಈಸಿಕೊಂಡವಳು. ಅವರು ಮೇಲಿನಿಂದ ಹಾಕುವರು, ನಾವು ಕೆಳಗೆ ಸೆರಗೊಡ್ಡುವೆವು. ಮಿಕ್ಕದ್ದು ಅನ್ನುವ ಮಾತು ಕಿವಿಗೆ ಬಿದ್ದರೆ ಆ ಬಾಗಿಲೇ ಕಣ್ಣಿಗೆ ಕಟ್ಟುತ್ತದೆ. ಈಗ ನನಗೆ ನನ್ನ ಒಲೆ ಇದೆ, ನನ್ನ ಮಡಕೆ ಇದೆ. ಮಿಕ್ಕದ್ದನ್ನು ಆ ಹೊತ್ತಿಗೇ ಬೀದಿಗೆ ಎಸೆಯುತ್ತೇನೆ. ಮಿಕ್ಕದ್ದನ್ನು ಕೂಡಿಸೆಂದು ನೀವೂ ಹೇಳುತ್ತೀರಾ?” ಎಂದು ಕೇಳಿದಳು.

ನಮಗೆ ಥಟ್ಟನೆ ಉತ್ತರ ತೋರಲಿಲ್ಲ. ಕೂಟದಲ್ಲಿ ಒಬ್ಬರೂ ನಗಲಿಲ್ಲ. ಯಾಕಂದರೆ ಅಲ್ಲಿದ್ದ ಹಿರಿಯರಲ್ಲಿ ಅನೇಕರು ಆ ಬಾಗಿಲನ್ನು ಬಲ್ಲವರೇ. ಪ್ರಾರ್ಥನೆ ಮಾಡಿ ಕೂಟವನ್ನು ಮುಗಿಸಿದೆವು. ಆ ತಾಯಿಗೆ ಅಂದು ಕೊಡಲಾರದೆಹೋದ ಉತ್ತರವನ್ನು ಈ ಪಾಠದಲ್ಲಿ ಹುಡುಕುತ್ತೇವೆ.

ಮೊದಲು ವೇದಭಾಗದಲ್ಲಿರುವ ಕ್ರಮವನ್ನು ನೋಡಿರಿ. ಜನರು ಮೊದಲು ತಮಗೆ ಬೇಕಾದಷ್ಟು ಉಂಡರು. ಆಮೇಲೆ ತುಂಡುಗಳನ್ನು ಕೂಡಿಸುವ ಮಾತು ಬಂತು. ಯಾರೋ ಉಂಡು ಬಿಟ್ಟದ್ದನ್ನು ಹಸಿದವರ ಮುಂದೆ ಚೆಲ್ಲಿದ್ದಲ್ಲ. ಇನ್ನೊಂದನ್ನು ನೋಡಿರಿ. ತುಂಡುಗಳನ್ನು ಆಯ್ದವರು ಯಾರು? ಆ ಗುಂಪಿನಲ್ಲಿದ್ದ ಅತಿ ಬಡವರನ್ನು ಕರೆದು ಆಯಿರಿ ಎಂದು ಹೇಳಲಿಲ್ಲ. ರೊಟ್ಟಿಯನ್ನು ಹಂಚಿದ ಶಿಷ್ಯರೇ ಬೊಗ್ಗಿ ಆಯ್ದರು. ನಮ್ಮ ಊರುಗಳಲ್ಲಿ ಬಡಿಸುವವರ ಕುಲ ಒಂದು, ಎಂಜಲು ತೆಗೆಯುವವರ ಕುಲ ಇನ್ನೊಂದು ಎಂದು ತಲೆತಲಾಂತರದಿಂದ ನಡೆದು ಬಂದದ್ದನ್ನು ನೆನೆದರೆ, ಹನ್ನೆರಡು ಮಂದಿ ಅಪೊಸ್ತಲರು ಪುಟ್ಟಿ ಹಿಡಿದು ಹುಲ್ಲಿನ ಮೇಲೆ ನಡೆದಾಡಿದ ಆ ನೋಟವು ಎಷ್ಟು ದೊಡ್ಡದೆಂದು ತಿಳಿಯುವದು.

ರೂತಳ ಪುಸ್ತಕದ 2ನೆಯ ಅಧ್ಯಾಯದಲ್ಲಿಯೂ ಹೀಗೆಯೇ ಇದೆ. ಮೋವಾಬ್ಯಳಾದ ಆ ವಿಧವೆ ಹಕ್ಕಲಾಯಲು ಹೋದವಳು. ಆದರೆ ಊಟದ ಹೊತ್ತಿನಲ್ಲಿ ಬೋವಜನು ಅವಳನ್ನು ಕೊಯ್ಯುವವರ ಪಕ್ಕದಲ್ಲೇ ಕೂಡಿಸಿಕೊಂಡು ಹುರಿದ ತೆನೆಯನ್ನು ಕೊಟ್ಟನು. ಅವಳು ತೃಪ್ತಿಯಾಗಿ ತಿಂದು, ತನಗೆ ಮಿಕ್ಕದ್ದನ್ನು ಕಟ್ಟಿಕೊಂಡು ಹೋಗಿ ಅತ್ತೆಯಾದ ನೊವೊಮಿಗೆ ಕೊಟ್ಟಳು. ಆ ಮಿಕ್ಕದ್ದರಲ್ಲಿ ಅವಮಾನವೇನೂ ಇರಲಿಲ್ಲ; ಯಾಕಂದರೆ ಅದು ಅವಳ ಸ್ವಂತ ಪಾಲಿನಿಂದ ಮಿಕ್ಕದ್ದು, ಅವಳು ಪ್ರೀತಿಸುವವಳಿಗೋಸ್ಕರ ಇಟ್ಟದ್ದು.

ಆದಕಾರಣ ನಾವು ಹೇಳುವದು ಇಷ್ಟೇ. ಮಿಕ್ಕದ್ದನ್ನು ಕೂಡಿಸುವದು ಬೇರೆ, ಮಿಕ್ಕದ್ದನ್ನು ಬಡವನ ಸೆರಗಿಗೆ ಸುರಿಯುವದು ಬೇರೆ. ನಿಮ್ಮ ಮನೆಗೆ ಹಸಿದವನು ಬಂದರೆ ಒಲೆಯ ಮೇಲಿಂದ ಬಿಸಿಯಾದದ್ದನ್ನು ಕೊಡಿರಿ. ನಿಮ್ಮ ಎಲೆಯಲ್ಲಿ ಮಿಕ್ಕದ್ದನ್ನು ಕೊಡಬೇಡಿರಿ. ನಮ್ಮ ಸಭೆಯ ಕೆಲವು ಸ್ಥಿತಿವಂತರು ಹಳಸಿದ ಸಾರನ್ನು ಕೂಲಿಯವಳಿಗೆ ಕೊಟ್ಟು ಧರ್ಮಮಾಡಿದೆವೆಂದು ಎಣಿಸುವದುಂಟು. ಹಿಂದೆ ತಾವು ಯಾವ ಬಾಗಿಲಲ್ಲಿ ನಿಂತಿದ್ದೆವೆಂಬದನ್ನು ಅವರು ಇಷ್ಟು ಬೇಗ ಮರೆತದ್ದು ನಮಗೆ ಆಶ್ಚರ್ಯ.

ಇನ್ನು ಗಂಡಸರಿಗೆ ಒಂದು ಮಾತು. ಈ ಪಾಠದ ತಲೆಬರಹವನ್ನು ನೋಡಿ, ಇದು ಹೆಂಗಸರ ಕೂಟಕ್ಕೆ ಸೇರಿದ್ದೆಂದು ನೀವು ಪತ್ರಿಕೆಯನ್ನು ಮಡಿಸಬೇಡಿರಿ. ಪುಟ್ಟಿ ಹಿಡಿದ ಹನ್ನೆರಡು ಮಂದಿಯೂ ಗಂಡಸರೇ. ಗುಂಡಿ ತೋಡುವದೂ ಮಣ್ಣು ಹೊರುವದೂ ನಿಮ್ಮ ಕೆಲಸ. ಉಂಡ ಎಲೆಯನ್ನು ತಾನೇ ಎತ್ತಿ ಹಾಕಿದರೆ ಯಾವ ಗಂಡಸಿಗೂ ಮಾನಹಾನಿಯಿಲ್ಲ.

ರೊಟ್ಟಿಯ ತುಂಡಿಗೂ ಹಿತ್ತಿಲ ಗೊಬ್ಬರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಲೂಕ 13ನೆಯ ಅಧ್ಯಾಯದಲ್ಲಿ ಅಂಜೂರದ ಗಿಡದ ಸಾಮ್ಯವಿದೆ. ಮೂರು ವರುಷ ಫಲಕೊಡದ ಗಿಡವನ್ನು ಕಡಿದುಹಾಕೆಂದು ಯಜಮಾನನು ಹೇಳಿದಾಗ, ತೋಟಗಾರನು ಇನ್ನೊಂದು ವರುಷದ ಅವಧಿಯನ್ನು ಬೇಡಿ, ಸುತ್ತಲೂ ಅಗೆದು ಗೊಬ್ಬರ ಹಾಕುವೆನೆಂದನು. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಬೇಜಾ ಪ್ರತಿಯೆಂಬದು ಒಂದಿದೆ. 1581ರಲ್ಲಿ ಥಿಯೊಡೋರ್ ಬೇಜಾ ಎಂಬ ಪಂಡಿತನು ಅದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಕೊಟ್ಟನು, ಈಗಲೂ ಅಲ್ಲಿಯೇ ಇದೆ. ಆ ಪ್ರತಿಯಲ್ಲಿ ತೋಟಗಾರನು ಒಂದು ಪುಟ್ಟಿ ಗೊಬ್ಬರ ಹಾಕುವೆನೆಂದು ಹೇಳುತ್ತಾನೆ. ಅಲ್ಲಿ ಪುಟ್ಟಿಗೆ ಬರೆದಿರುವ ಗ್ರೀಕ್ ಶಬ್ದವೂ, ಐದು ರೊಟ್ಟಿಗಳ ಕಥೆಯಲ್ಲಿ ಹನ್ನೆರಡು ಪುಟ್ಟಿಗಳಿಗೆ ಇರುವ ಶಬ್ದವೂ ಒಂದೇ. ರೊಟ್ಟಿಯ ತುಂಡನ್ನು ಹೊತ್ತದ್ದೂ ಗಿಡದ ಬುಡಕ್ಕೆ ಗೊಬ್ಬರವನ್ನು ಹೊತ್ತದ್ದೂ ಒಂದೇ ಬಗೆಯ ಕೈಪುಟ್ಟಿ. ಬೇರೆ ಪ್ರತಿಗಳಲ್ಲಿ ಈ ಶಬ್ದವಿಲ್ಲದ್ದರಿಂದ ಇದರ ಮೇಲೆ ದೊಡ್ಡ ಬೋಧನೆಯನ್ನು ಕಟ್ಟುವದು ಸರಿಯಲ್ಲ. ಆದರೂ ಹಳ್ಳಿಯವರಾದ ನಮಗೆ ಇದು ಸಂತೋಷಕೊಡುವ ಸಂಗತಿ.

ಹೀಗಿರಲು ಮನೆಯಲ್ಲಿ ಮಿಕ್ಕದ್ದನ್ನು ಮೊದಲು ಮನುಷ್ಯನಿಗೆ, ಆಮೇಲೆ ದನಕರುಗಳಿಗೆ, ಕಡೆಯದಾಗಿ ಮಣ್ಣಿಗೆ ಎಂಬ ಕ್ರಮದಲ್ಲಿ ಉಪಯೋಗಿಸಬೇಕು. ತಿನ್ನತಕ್ಕದ್ದನ್ನು ಗುಂಡಿಗೆ ಹಾಕಿ ಒಳ್ಳೇ ಗೊಬ್ಬರ ಮಾಡಿದೆವೆಂದು ಹಿಗ್ಗುವದು ಬುದ್ಧಿವಂತಿಕೆಯಲ್ಲ. ನಮ್ಮ ಅಜ್ಜಿಯರಿಗೆ ಇದು ಚೆನ್ನಾಗಿ ತಿಳಿದಿತ್ತು. ಹೀರೇಕಾಯಿಯ ಸಿಪ್ಪೆಯನ್ನು ಹುರಿದು ಹುಣಸೇಹಣ್ಣು ಮೆಣಸಿನಕಾಯಿ ಕೂಡಿಸಿ ಅರೆದು ಚಟ್ನಿ ಮಾಡಿದರು. ಬಲಿತು ಒಣಗಿದ ಹೀರೇಕಾಯಿಯ ನಾರನ್ನು ಮೈಯುಜ್ಜಲು ಇಟ್ಟುಕೊಂಡರು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಮಳೆಗಾಲದ ಸಾರಿಗೆ ಕೂಡಿಟ್ಟರು. ಮಿಕ್ಕ ಅನ್ನವನ್ನು ಅರೆದು ಉಪ್ಪು ಜೀರಿಗೆ ಹಾಕಿ ಬಿಸಿಲಿನಲ್ಲಿ ಸಂಡಿಗೆ ಇಟ್ಟರು. ಹುಣಸೇಹಣ್ಣನ್ನು ಹಿಂಡಿ ಮಿಕ್ಕ ಚರಟದಿಂದ ಹಿತ್ತಾಳೆಯ ಚೊಂಬು ಬೆಳಗಿದರು. ತೆಂಗಿನ ನಾರೂ ಒಲೆಯ ಬೂದಿಯೂ ಪಾತ್ರೆ ತಿಕ್ಕುವದಕ್ಕೆ ಸಾಕಾಗಿದ್ದವು. ಕರಟವು ಸೌಟಾಯಿತು. ಅವರೆ, ಹೆಸರು ಮೊದಲಾದ ಬಿತ್ತನೆಯ ಬೀಜಗಳಿಗೆ ಜರಡಿ ಹಿಡಿದ ಬೂದಿಯನ್ನು ಬೆರಸಿ ಮಡಕೆಯಲ್ಲಿಟ್ಟರೆ ಹುಳ ಹತ್ತುವದು ಕಡಿಮೆ. ಇದನ್ನು ಈಗಲೂ ಮಾಡಬಹುದು.

ಆದರೆ ಕೂಡಿಸಬೇಕೆಂಬ ಆಜ್ಞೆಯನ್ನು ಹಿಡಿದು ಕೆಟ್ಟದ್ದನ್ನು ತಿನ್ನಬಾರದು. ಅರಣ್ಯದಲ್ಲಿ ಇಸ್ರಾಯೇಲ್ಯರಲ್ಲಿ ಕೆಲವರು ಮನ್ನವನ್ನು ಬೆಳಗಿನ ವರೆಗೆ ಇಟ್ಟುಕೊಂಡಾಗ ಅದು ಹುಳಬಿದ್ದು ನಾರಿತೆಂದು ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಓದುತ್ತೇವೆ. ದೇವರ ಕೈಯಿಂದ ಬಂದ ಆಹಾರವೂ ಇಡಬಾರದ ಹೊತ್ತಿನ ವರೆಗೆ ಇಟ್ಟರೆ ಕೆಡುತ್ತದೆ. ಅನ್ನದ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆ ಬೇಕು. ಬೆಂದ ಅನ್ನವು ಬೆಚ್ಚಗಿರುವ ಮಡಕೆಯಲ್ಲಿ ಬಹಳ ಹೊತ್ತು ಮುಚ್ಚಿಕೊಂಡಿದ್ದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆದು ಒಂದು ವಿಷವನ್ನುಂಟುಮಾಡುತ್ತವೆ. ಅನ್ನವನ್ನು ಪುನಃ ಕಾಯಿಸಿದರೂ ಈ ವಿಷವು ಹೋಗುವದಿಲ್ಲ. ಅದನ್ನು ಉಂಡವರಿಗೆ ಕೆಲವೇ ತಾಸುಗಳಲ್ಲಿ ವಾಂತಿಯಾಗುತ್ತದೆ. ಆದಕಾರಣ ಅನ್ನ ಮಿಕ್ಕರೆ ಅಗಲವಾದ ಪಾತ್ರೆಯಲ್ಲಿ ಹರಡಿ ಬೇಗನೆ ಆರಿಸಬೇಕು. ಅಂಟಂಟಾಗಿ ನೂಲುಬಿಡುವ ಅನ್ನವನ್ನೂ ಕೆಟ್ಟ ವಾಸನೆಯ ಅನ್ನವನ್ನೂ ಮಗುವಿಗಾಗಲಿ ಮುದುಕರಿಗಾಗಲಿ ಹಾಕಬಾರದು. ಅದು ನೇರವಾಗಿ ಗುಂಡಿಗೆ ಹೋಗಬೇಕು. ಹಾಗೆಯೇ ಹಸುರು ಬಣ್ಣಕ್ಕೆ ತಿರುಗಿದ ಆಲೂಗೆಡ್ಡೆಯೂ ಅದರ ಮೊಳಕೆಗಳೂ ವಿಷವಾದವುಗಳು. ಮನುಷ್ಯರಿಗೂ ಬೇಡ, ದನಕ್ಕೂ ಬೇಡ.

ದನದ ಮಾತಿಗೆ ಬರೋಣ. ಹಸುವೋ ಎಮ್ಮೆಯೋ ಇರುವ ಮನೆಯಲ್ಲಿ ಕಲಗಚ್ಚಿನ ಬಾನಿ ಇದ್ದೇ ಇರುತ್ತದೆ. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿಯ ಸಿಪ್ಪೆ, ಸೊಪ್ಪಿನ ದಂಟು, ಬಾಳೆಯ ಹಣ್ಣಿನ ಸಿಪ್ಪೆ ಇವೆಲ್ಲಾ ಅದರಲ್ಲಿ ಸೇರಿ ಸ್ವಲ್ಪ ಬೂಸದೊಡನೆ ದನಕ್ಕೆ ಒಳ್ಳೇ ಕುಡಿಯುವಿಕೆಯಾಗುತ್ತದೆ. ಬಾನಿಯನ್ನು ದಿನಾಲು ತೊಳೆಯಬೇಕು. ನೆನ್ನೆಯ ಹುಳಿಯ ಮೇಲೆ ಇಂದಿನದನ್ನು ಸುರಿಯಬಾರದು. ಹಸಿ ಮರಗೆಣಸಿನ ಸಿಪ್ಪೆಯನ್ನು ಆಡಿಗಾಗಲಿ ಹಸುವಿಗಾಗಲಿ ಹಾಕಬಾರದು, ಅದರಲ್ಲಿ ವಿಷವುಂಟು.

ಒಂದು ದುಃಖಕರವಾದ ಸಂಗತಿಯನ್ನು ಇಲ್ಲಿ ಹೇಳಲೇಬೇಕಾಗಿದೆ. ಒಂದು ಊರಿನಲ್ಲಿ ನಮ್ಮ ಸಭೆಯವರದೇ ಮದುವೆ. ಊಟ ಚೆನ್ನಾಗಿ ನಡೆಯಿತು. ಅನ್ನ ಬಹಳ ಮಿಕ್ಕಿತು. ಸಂಜೆಯ ಹೊತ್ತಿಗೆ ಅದನ್ನು ಚಪ್ಪರದ ಹಿಂದೆ ರಾಶಿಯಾಗಿ ಸುರಿದರು. ನೆರೆಮನೆಯ ಒಬ್ಬ ವಿಧವೆಯ ಹಸು ಹಗ್ಗ ಕಿತ್ತುಕೊಂಡು ಬಂದು ರಾತ್ರಿ ಅದನ್ನು ಹೊಟ್ಟೆತುಂಬ ತಿಂದಿತು. ಬೆಳಿಗ್ಗೆ ಮೆಲುಕು ಹಾಕದೆ ಹೊಟ್ಟೆ ಉಬ್ಬಿ ನರಳುತ್ತಿತ್ತು. ಮೂರನೆಯ ದಿನ ಸತ್ತಿತು. ಆ ಮನೆಗೆ ಇದ್ದದ್ದು ಅದೊಂದೇ ಹಸು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯು ಹುಲ್ಲಿಗಾಗಿ ಉಂಟುಮಾಡಲ್ಪಟ್ಟದ್ದು. ಬೆಂದ ಅನ್ನವಾಗಲಿ ಹಿಟ್ಟಾಗಲಿ ಒಂದೇ ಸಾರಿ ಬಹಳವಾಗಿ ಅದರೊಳಗೆ ಹೋದರೆ ಬೇಗನೆ ಹುಳಿಯಾಗಿ, ಆ ಹುಳಿಯು ರಕ್ತಕ್ಕೂ ಸೇರಿ, ಪ್ರಾಣಿಯನ್ನು ಕೊಲ್ಲುತ್ತದೆ. ಮದುವೆಯ ಮನೆಯವರು ಕೆಟ್ಟವರಲ್ಲ, ಅವರಿಗೆ ತಿಳಿಯಲಿಲ್ಲ. ತಿಳಿದ ಮೇಲೆ ನಾವು ಸುಮ್ಮನಿರಬಾರದು. ಮುಂದೆ ನಿಮ್ಮ ಸಭೆಯಲ್ಲಿ ಮದುವೆಯಾದರೆ, ಹಂದರ ಕಟ್ಟುವ ದಿನವೇ ಒಂದು ಗುಂಡಿಯನ್ನೂ ತೋಡಿಸಿರಿ. ಕೆಡದೆ ಇರುವ ಅನ್ನವನ್ನು ಬಿಸಿಯಾಗಿರುವಾಗಲೇ ನೆರೆಯವರಿಗೆ ಮರ್ಯಾದೆಯಿಂದ ಕಳುಹಿಸಿರಿ. ಎಲೆಯಲ್ಲಿ ಮಿಕ್ಕದ್ದನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿರಿ.

ಮಣ್ಣಿಗೆ ಕೊಡತಕ್ಕವುಗಳಲ್ಲಿ ನೀರು ಮೊದಲನೆಯದು. ಬಚ್ಚಲಿನ ನೀರೂ ಪಾತ್ರೆ ತೊಳೆದ ನೀರೂ ಬೀದಿಯಲ್ಲಿ ನಿಂತು ಸೊಳ್ಳೆಗಳನ್ನು ಹುಟ್ಟಿಸುವದಕ್ಕಿಂತ ಒಂದು ಕಾಲುವೆಯಿಂದ ಬಾಳೆಯ ಬುಡಕ್ಕೂ ಕೆಸುವಿನ ಪಾತಿಗೂ ಹೋಗುವದು ಲೇಸು. ಎರಡು ಬಾಳೆ ಗಿಡಗಳು ಒಂದು ಚಿಕ್ಕ ಮನೆಯ ಬಚ್ಚಲ ನೀರನ್ನು ಕುಡಿದು ಗೊನೆ ಕೊಟ್ಟದ್ದನ್ನು ನಾವು ಅನೇಕ ಕಡೆ ನೋಡಿದ್ದೇವೆ. ಆದರೆ ಸೋಪಿನ ಪುಡಿ ಬಹಳವಾಗಿ ಬೆರೆತ ನೀರನ್ನು ಪ್ರತಿದಿನ ಒಂದೇ ಗಿಡಕ್ಕೆ ಬಿಡಬಾರದು. ಉಪ್ಪಿನಕಾಯಿಯ ರಸವನ್ನೂ ಉಪ್ಪು ನೀರನ್ನೂ ಎಂದಿಗೂ ಹಾಕಬಾರದು. ಉಪ್ಪು ಮಣ್ಣಿನಲ್ಲಿ ಸೇರಿದರೆ ಬೇರುಗಳು ನೀರು ಹೀರಲಾರವು. ಲೂಕ 14ನೆಯ ಅಧ್ಯಾಯದ ಕೊನೆಯಲ್ಲಿ ಸಪ್ಪಗಾದ ಉಪ್ಪು ಭೂಮಿಗೂ ತಿಪ್ಪೆಗೂ ಬಾರದೆಂದು ಕರ್ತನು ಹೇಳಿದ್ದನ್ನು ನೆನಪಿಗೆ ತಂದುಕೊಳ್ಳಿರಿ. ತಿಪ್ಪೆಗೆ ಏನು ಸಲ್ಲುವದು, ಏನು ಸಲ್ಲದು ಎಂಬದು ಅವನ ಕೇಳುಗರಿಗೆ ಚೆನ್ನಾಗಿ ತಿಳಿದಿತ್ತು. ಮೀನು ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಹಾಕುವ ಪದ್ಧತಿ ಕರಾವಳಿಯಲ್ಲಿ ಉಂಟು. ಹಾಕಿದ ಮೇಲೆ ಮಣ್ಣು ಮುಚ್ಚದಿದ್ದರೆ ಬೆಕ್ಕೂ ನಾಯಿಯೂ ಗಿಡವನ್ನು ಕೆದಕಿಬಿಡುತ್ತವೆ.

ಸೌದೆಯ ಬೂದಿಯಲ್ಲಿ ಪೊಟ್ಯಾಷ್ ಎಂಬ ಸಾರವೂ ಸುಣ್ಣದ ಅಂಶವೂ ಇವೆ. ಬಾಳೆಯೂ ತೆಂಗೂ ಪೊಟ್ಯಾಷನ್ನು ಬಹಳವಾಗಿ ಬೇಡುವ ಬೆಳೆಗಳು. ಬೂದಿಯನ್ನು ಅವುಗಳ ಸುತ್ತಲೂ ತೆಳುವಾಗಿ ಎರಚಿ ಮಣ್ಣಿನಲ್ಲಿ ಬೆರಸಬೇಕು. ಹಸಿ ಸಗಣಿ ಗಂಜಲಗಳ ಮೇಲೆ ಬೂದಿಯನ್ನು ಸುರಿಯುವ ವಾಡಿಕೆ ಅನೇಕ ಮನೆಗಳಲ್ಲಿ ಇದೆ. ಇದು ನಷ್ಟ. ಗಂಜಲದಲ್ಲಿರುವ ಸಾರಜನಕವು ಬೂದಿಯ ಕ್ಷಾರದಿಂದ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ. ಮೂಗಿಗೆ ಚುಚ್ಚುವ ಆ ವಾಸನೆಯೇ ನಿಮ್ಮ ಹಣವು ಹೋಗುತ್ತಿರುವದರ ಗುರುತು. ತೆಂಗಿನ ಮರ ಇರುವವರು ಸಿಪ್ಪೆಯನ್ನೆಲ್ಲಾ ಒಲೆಗೆ ಹಾಕದೆ, ಮರದಿಂದ ಸುಮಾರು 2 ಮೀಟರು ದೂರದಲ್ಲಿ ಸುತ್ತಲೂ ಅರ್ಧ ಮೀಟರು ಅಗಲ, ಅಷ್ಟೇ ಆಳದ ಕಾಲುವೆ ತೆಗೆದು, ಸಿಪ್ಪೆಗಳನ್ನು ಹಳ್ಳವಾದ ಮಗ್ಗುಲು ಮೇಲಾಗಿರುವಂತೆ ಸಾಲಾಗಿ ಜೋಡಿಸಿ ಮಣ್ಣು ಮುಚ್ಚಲಿ. ಅವು ಮಳೆಯ ನೀರನ್ನು ಹೀರಿಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತವೆ. ಒಂದು ಸಾರಿ ಹೂತದ್ದು ಐದಾರು ವರುಷ ಕೆಲಸಮಾಡುತ್ತದೆ.

ಇನ್ನು ಗುಂಡಿಯ ವಿಷಯ. ತಿಪ್ಪೆ ನಮ್ಮ ದೇಶಕ್ಕೆ ಹೊಸದಲ್ಲ. ಆದರೆ ಬಿಸಿಲಿಗೂ ಮಳೆಗೂ ತೆರೆದುಬಿದ್ದ ತಿಪ್ಪೆಯಿಂದ ಸಾರವೆಲ್ಲಾ ಹೊರಟುಹೋಗಿ ನೊಣಗಳು ಮಾತ್ರ ಉಳಿಯುತ್ತವೆ. ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲ ಸಸ್ಯಶಾಸ್ತ್ರಜ್ಞನು 1924ರಿಂದ 1931ರ ವರೆಗೆ ಇಂದೋರಿನಲ್ಲಿದ್ದಾಗ, ಒಣ ಕಸಕಡ್ಡಿಯನ್ನೂ ಸಗಣಿಯನ್ನೂ ಪದರು ಪದರಾಗಿ ಹಾಕಿ, ಆಗಾಗ್ಗೆ ತಿರುವಿ, ಸುಮಾರು ಮೂರು ತಿಂಗಳಲ್ಲಿ ಕರೀ ಗೊಬ್ಬರವಾಗಿ ಮಾಡುವ ಕ್ರಮವನ್ನು ಏರ್ಪಡಿಸಿದನು. ಇಂಗ್ಲೆಂಡಿನಲ್ಲಿ ಓದಿ ಬಂದ ಆ ಪಂಡಿತನು ಹಿಂದೂಸ್ಥಾನದ ರೈತರನ್ನೇ ತನ್ನ ಗುರುಗಳೆಂದು ಎಣಿಸಿದ್ದು ಅವನ ದೊಡ್ಡತನ. ಅನಂತರ 1939ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯರೆಂಬವರು, ತಿರುವುವ ಶ್ರಮವಿಲ್ಲದೆ ಗುಂಡಿಯನ್ನು ತುಂಬಿ ಮಣ್ಣಿನಿಂದ ಮೆತ್ತಿಬಿಡುವ ಇನ್ನೊಂದು ಕ್ರಮವನ್ನು ತೋರಿಸಿದರು. ಇದಕ್ಕೆ ಬೆಂಗಳೂರು ಪದ್ಧತಿಯೆಂದು ಹೆಸರು. ಇದರಲ್ಲಿ ಗೊಬ್ಬರವಾಗಲು ಆರರಿಂದ ಎಂಟು ತಿಂಗಳು ಹಿಡಿಯುತ್ತದೆ. ಆದರೆ ನೀರು ಕಡಿಮೆಯಾದ ಕೋಲಾರ, ತುಮಕೂರು ಮುಂತಾದ ಸೀಮೆಗಳಿಗೂ, ಹಗಲೆಲ್ಲಾ ಕೂಲಿಗೆ ಹೋಗುವವರಿಗೂ ಇದೇ ಅನುಕೂಲ.

ಮನೆಗೆ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳದ ಗುಂಡಿಗಳು ಎರಡಿದ್ದರೆ ಸಾಕು. ಒಂದು ತುಂಬಿ ಮಾಗುವಷ್ಟರಲ್ಲಿ ಇನ್ನೊಂದನ್ನು ತುಂಬಬಹುದು. ಬಾವಿಯಿಂದ 50 ಅಡಿಗೆ ಕಡಿಮೆಯಿಲ್ಲದೆ, ಬಾವಿಗಿಂತ ತಗ್ಗಿನ ಕಡೆಯಲ್ಲಿ, ಸಾಧ್ಯವಾದರೆ ಮರದ ನೆರಳಿನಲ್ಲಿ ತೋಡಿರಿ. ಮಲೆನಾಡಿನವರೂ ಕರಾವಳಿಯವರೂ ಗುಂಡಿ ತೋಡಿದರೆ ಮಳೆಗಾಲದಲ್ಲಿ ಅದು ಕೆರೆಯಾದೀತು; ಅವರು ನೆಲದ ಮೇಲೆಯೇ ಒಟ್ಟಿ ಮೇಲೆ ಗರಿ ಹೊದಿಸಲಿ. ಅಡಿಯಲ್ಲಿ ಒಣ ಕಡ್ಡಿಗಳನ್ನು ಹರಡಿ, ಅಡಿಗೆಮನೆಯ ಹಸಿ ಕಸ ಒಂದು ಪುಟ್ಟಿಗೆ ತರಗೆಲೆ, ಒಣ ಹುಲ್ಲು, ರಾಗಿಯ ಹೊಟ್ಟು ಇಂಥದ್ದು ಎರಡು ಮೂರು ಪುಟ್ಟಿಯಂತೆ ಹಾಕಬೇಕು. ಈ ಅಳತೆಯಲ್ಲಿಯೇ ಕೆಲಸದ ಮರ್ಮವಿದೆ. ಹಸಿಯದ್ದನ್ನು ಮಾತ್ರ ಹಾಕಿದರೆ ಗಾಳಿಯಾಡದೆ ಕೊಳೆತು ನಾರುತ್ತದೆ. ಒಣಗಿದ್ದನ್ನು ಮಾತ್ರ ಹಾಕಿದರೆ ವರುಷವಾದರೂ ಹಾಗೆಯೇ ಬಿದ್ದಿರುತ್ತದೆ. ಸಗಣಿ ಸಿಕ್ಕಿದರೆ ನೀರಿನಲ್ಲಿ ಕದಡಿ ಪ್ರತಿ ಪದರಿನ ಮೇಲೆ ಚಿಮುಕಿಸಿರಿ. ಇಲ್ಲದಿದ್ದರೆ ಹಳೆಯ ಗೊಬ್ಬರದ ಒಂದು ಹಿಡಿ ಮಣ್ಣು ಸಾಕು. ದಿನದ ಕಸದ ಮೇಲೆ ಒಂದು ಸಲಿಕೆ ಮಣ್ಣು ಬಿದ್ದೇ ತೀರಬೇಕು. ನೊಣವು ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವ ವರೆಗೆ ಸುಮಾರು ಹತ್ತು ದಿನಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಒಂದು ವಾರ ಮಣ್ಣು ಮುಚ್ಚಲು ಮರೆತರೆ ಮನೆಯೆಲ್ಲಾ ನೊಣ. ಎಲುಬು, ಮೀನಿನ ಮುಳ್ಳುಗಳನ್ನು ಮೇಲೆ ಬಿಸಾಡದೆ ಆಳವಾಗಿ ಹೂಳಬೇಕು. ಇಲ್ಲವಾದರೆ ಇಲಿಗಳು ಬರುವವು, ಇಲಿಗಳ ಹಿಂದೆ ಹಾವು ಬರುವದು.

ಗುಂಡಿ ತುಂಬಿದ ಮೇಲೆ ಮಣ್ಣೂ ಸಗಣಿಯೂ ಕಲಸಿ ಮೇಲೆ ಮೆತ್ತಿಬಿಡಿರಿ. ತಿರುವುವ ಕ್ರಮವನ್ನು ಹಿಡಿಯುವವರು ಹದಿನೈದನೆಯ ದಿನ ಒಂದು ಸಾರಿ, ಇನ್ನು ಹದಿನೈದು ದಿನವಾದ ಮೇಲೆ ಒಂದು ಸಾರಿ, ಅಲ್ಲಿಂದ ಒಂದು ತಿಂಗಳಿಗೆ ಒಂದು ಸಾರಿ ತಿರುವಬೇಕು. ಮೊದಲಿನ ವಾರದಲ್ಲಿ ಕಬ್ಬಿಣದ ಸಲಾಕೆಯನ್ನು ರಾಶಿಯ ನಡುವೆ ಚುಚ್ಚಿ ತೆಗೆದು ಮುಟ್ಟಿ ನೋಡಿದರೆ ಕೈ ಸುಡುವ ಹಾಗೆ ಬಿಸಿಯಾಗಿರುವದು. ಮಕ್ಕಳಿಗೆ ಇದನ್ನು ತೋರಿಸಿರಿ, ಬಹಳ ಸಂತೋಷಪಡುವರು. ಆ ಕಾವಿನಿಂದಲೇ ಕಳೆಯ ಬೀಜಗಳೂ ರೋಗದ ಬೀಜಗಳೂ ಸಾಯುತ್ತವೆ. ಗೊಬ್ಬರ ಪಕ್ವವಾದಾಗ ಸಿಪ್ಪೆಯ ಗುರುತಿಲ್ಲದೆ, ಮೊದಲ ಮಳೆಯ ಮಣ್ಣಿನ ವಾಸನೆ ಬರುವದು.

ಹಿತ್ತಿಲಿಲ್ಲದವರೂ ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರು ಬಾಯೊಡೆದ ದೊಡ್ಡ ಮಡಕೆಯ ತಳಕ್ಕೆ ಮೂರು ನಾಲ್ಕು ತೂತುಮಾಡಿ, ಮೇಲೆ ಹೇಳಿದ ಅಳತೆಯಲ್ಲಿಯೇ ಹಸಿಯದ್ದನ್ನೂ ಒಣಗಿದ್ದನ್ನೂ ತುಂಬುತ್ತಾ ಬರಬಹುದು. ಮಡಕೆಯಲ್ಲಿ ರಾಶಿಯಷ್ಟು ಕಾವು ಹುಟ್ಟದ ಕಾರಣ ಹೆಚ್ಚು ದಿನ ಬೇಕಾಗುವದು, ಅಷ್ಟೇ. ಒಂದು ಮಡಕೆಯ ಗೊಬ್ಬರದಿಂದ ಬಾಗಿಲ ಬಳಿಯಲ್ಲಿ ಒಂದು ನುಗ್ಗೆ, ಒಂದು ಬಸಳೆ, ನಾಲ್ಕು ಮೆಣಸಿನ ಗಿಡ ಸಾಕಬಹುದು. ದೇವಾಲಯದ ಅಂಗಳದಲ್ಲಿ ಸ್ಥಳವಿದ್ದರೆ ಸಭೆಯವರು ಕೂಡಿ ಒಂದು ಗುಂಡಿ ಮಾಡಲಿ. ಅದನ್ನು ಮುಚ್ಚುವ ಸರದಿ ಮಾತ್ರ ಮನೆಮನೆಗೂ ಬರಲಿ, ಉಪದೇಶಿಯ ಮನೆಗೂ ಬರಲಿ.

ಇದರಿಂದ ಎಲ್ಲಾ ಸಾಲವೂ ತೀರುವದೆಂದು ನಾವು ಹೇಳಲಾರೆವು. ಲೆಕ್ಕವನ್ನು ಸ್ಪಷ್ಟವಾಗಿ ಹೇಳುತ್ತೇವೆ. 45 ಕಿಲೋಗ್ರಾಮಿನ ಒಂದು ಯೂರಿಯಾ ಚೀಲದಲ್ಲಿ ನೂರಕ್ಕೆ 46ರಂತೆ 20 ಕಿಲೋಗ್ರಾಮಿಗೆ ಸ್ವಲ್ಪ ಮೇಲ್ಪಟ್ಟು ಸಾರಜನಕವಿದೆ. ಸಾಧಾರಣ ತಿಪ್ಪೆಯ ಗೊಬ್ಬರದಲ್ಲಿ ಇರುವದು ನೂರಕ್ಕೆ ಸುಮಾರು ಅರ್ಧ. ಆ ಒಂದು ಚೀಲಕ್ಕೆ ಸಮನಾಗಲು 4000 ಕಿಲೋಗ್ರಾಮಿಗೂ ಹೆಚ್ಚು ಗೊಬ್ಬರ ಬೇಕು. ಒಂದು ಮನೆಯ ಸಿಪ್ಪೆಯಿಂದ ಒಂದು ಎಕರೆ ರಾಗಿಯ ಹೊಲ ತುಂಬುವದಿಲ್ಲ. ಆದರೆ ಚೀಲದ ಗೊಬ್ಬರವು ಮಣ್ಣನ್ನು ಮೆದುವಾಗಿ ಮಾಡದು, ನೀರನ್ನು ಹಿಡಿದಿಡದು. ತಿಪ್ಪೆಯ ಗೊಬ್ಬರವು ಎರಡನ್ನೂ ಮಾಡುತ್ತದೆ. ಹಿತ್ತಿಲ ಸೊಪ್ಪು ತರಕಾರಿಗೆ ಗುಂಡಿಯ ಗೊಬ್ಬರವೇ ಸಾಕು, ಮತ್ತು ಅಂಗಡಿಯವನ ಪುಸ್ತಕದಲ್ಲಿ ಅದಕ್ಕೆ ಲೆಕ್ಕವಿಲ್ಲ.

ಪ್ಲಾಸ್ಟಿಕ್ ಚೀಲಗಳ ವಿಷಯದಲ್ಲಿ ಎರಡೇ ಮಾತು. ಅವು ಎಷ್ಟು ವರುಷ ಹೂತಿಟ್ಟರೂ ಮಣ್ಣಾಗುವದಿಲ್ಲ; ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿ ಬೀದಿಗೆ ಎಸೆದರೆ ದನಗಳು ಚೀಲದೊಡನೆ ನುಂಗುತ್ತವೆ, ಅದು ಹೊಟ್ಟೆಯಲ್ಲಿ ಗಂಟಾಗಿ ನಿಂತು ಅವುಗಳನ್ನು ಕೊಲ್ಲುತ್ತದೆ.

ಮೇಲೆ ಹೇಳಿದ ಮುದಿ ತಾಯಿಯ ಬಳಿಗೆ ನಾವು ಕೆಲವು ತಿಂಗಳಾದ ಮೇಲೆ ಹೋಗಿ, ಈ ಪಾಠದಲ್ಲಿ ಬರೆದದ್ದನ್ನು ಅವಳ ಜಗಲಿಯಲ್ಲಿ ಕೂತು ಹೇಳಿದೆವು. ಅವಳು ಎಲೆಯಡಿಕೆ ಹಾಕಿಕೊಂಡು ಕೊನೆಯ ವರೆಗೆ ಕೇಳಿ, “ತೃಪ್ತಿಯಾದ ಮೇಲೆ ಕೂಡಿಸಿದರೋ?” ಎಂದು ಒಂದೇ ಮಾತು ಕೇಳಿದಳು. ಹೌದೆಂದೆವು. ಆಕೆಯ ಮೊಮ್ಮಗನು ಆ ಬೇಸಿಗೆಯಲ್ಲಿಯೇ ಗುಂಡಿ ತೋಡಿದನು. ತಂಗಳನ್ನು ಅವಳು ಇಂದಿಗೂ ಮುಟ್ಟುವದಿಲ್ಲ, ಮಿಕ್ಕದ್ದೆಲ್ಲಾ ಗುಂಡಿಗೆ. ನಾವೂ ಆ ವಿಷಯದಲ್ಲಿ ಅವಳನ್ನು ಒತ್ತಾಯಪಡಿಸುವದಿಲ್ಲ. ಮರುವರುಷ ಗುಂಡಿಯ ಅಂಚಿನಲ್ಲಿ ಯಾರೂ ಬಿತ್ತದ ಒಂದು ಕುಂಬಳದ ಬಳ್ಳಿ ತಾನಾಗಿ ಹುಟ್ಟಿ ಮನೆಯ ಸೂರಿನ ಮೇಲೆ ಹಬ್ಬಿತು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು ಅವಳು ಸುಗ್ಗಿಹಬ್ಬದ ದಿನ ಮೊಮ್ಮಗನ ತಲೆಯ ಮೇಲೆ ಹೊರಿಸಿಕೊಂಡು ದೇವಾಲಯಕ್ಕೆ ತಂದು ಕಾಣಿಕೆಯಾಗಿ ಇಟ್ಟಳು. ಆರಾಧನೆಯಾದ ಮೇಲೆ ಕಾಣಿಕೆಗಳ ಏಲವಾಯಿತು. ಆ ಕುಂಬಳಕಾಯಿಯನ್ನು ಕೊಂಡವನು ಅದನ್ನು ಹೆಗಲಿಗೇರಿಸುತ್ತಿರುವಾಗ, ಅವಳು ಅವನನ್ನು ತಡೆದು, ಕಾಯಿಯನ್ನು ಹೋಳುಮಾಡಿದಾಗ ಬೀಜಗಳನ್ನು ತೊಳೆದು ಒಣಗಿಸಿ ತನಗೆ ಹಿಂದಕ್ಕೆ ಕೊಡಬೇಕೆಂದು ಹೇಳಿದಳು.